ಹೋಳಿಗೆ ಮನೆಯಲ್ಲಿ ಗಿಲ್ಬ್ರೆತ್ ಲೆಕ್ಕ: ನನ್ನ ಅನುಭವ

"ಹೋಳಿಗೆ ತಟ್ಟೋಕೂ ಇಂಜಿನಿಯರಿಂಗಾ?" ಅಂತ ನಕ್ಕವರೇ ಜಾಸ್ತಿ. ಗಂಟೆಗೆ 120ರ ಆಸುಪಾಸು ಇಳಿಯುತ್ತಿದ್ದ ಹೋಳಿಗೆ ಈಗ 170 ಮುಟ್ಟುತ್ತಿದೆ. ಕೆಲಸದವರು ಅದೇ ನಾಲ್ವರು, ಕಾವಲಿಗಳೂ ಅವೇ.

ಕೆಲಸದಲ್ಲಿ ಸುಮ್ನೆ ಪೋಲಾಗುವ ಓಡಾಟ ತಗ್ಗಿಸುವ ಈ ಲೆಕ್ಕ ಇಂಜಿನಿಯರ್ ಲಿಲಿಯನ್ ಗಿಲ್ಬ್ರೆತ್ ಅವರದು. ಗಂಡ ಫ್ರಾಂಕ್ ಜೊತೆ ಅಮೆರಿಕದ ಕಾರ್ಖಾನೆಗಳಲ್ಲಿ ಕೈಚಲನೆಯನ್ನು ಫಿಲ್ಮಿನಲ್ಲಿ ಹಿಡಿದು ಅಳೆದವರು. 1924ರಲ್ಲಿ ಗಂಡ ತೀರಿಕೊಂಡರು. ಮನೆ ತುಂಬ ಮಕ್ಕಳು. ಇವರು ಹೆಂಗಸು ಅಂತ ಹಳೇ ಗಿರಾಕಿಗಳು ಜಾರಿಕೊಂಡರು. ಆಗ ಇವರು ಅದೇ ವಿದ್ಯೆಯನ್ನು ಅಡುಗೆಮನೆಗೆ ತಂದರು. ಸ್ವತಃ ಅಡುಗೆ ಅಷ್ಟಕ್ಕಷ್ಟೇ! ಆದರೂ ಒಂದು ಸ್ಟ್ರಾಬೆರಿ ಕೇಕಿಗೆ 281 ಹೆಜ್ಜೆ ನಡೆಯಬೇಕಿದ್ದದ್ದನ್ನು, ಸಾಮಾನಿನ ಜಾಗ ಬದಲಿಸಿ 45ಕ್ಕೆ ಇಳಿಸಿದರು.

ನಾನು ಮೊಬೈಲನ್ನು ಶೆಲ್ಫಿಗೆ ಕಟ್ಟಿ ವಿಡಿಯೊ ಮಾಡಿದೆ. ಜೊತೆಗೆ ಸ್ಟಾಪ್‌ವಾಚ್ ಹಿಡಿದದ್ದೇ ತಡ, "ನಮ್ಮ ಮೇಲೆ ನಂಬಿಕೆ ಇಲ್ವಾ ಅಕ್ಕಾ?" ಅಂತ ಎಲ್ಲರ ಮುಖ ಊದಿತು. ವಾಚ್ ಒಳಗಿಟ್ಟು, ವಿಡಿಯೊ ಅವರಿಗೇ ತೋರಿಸಿದೆ. ಎಲ್ಲಿ ಸುಮ್ನೆ ಓಡಾಡುತ್ತಿದ್ದೇವೆ ಅಂತ ಅವರೇ ಬೆರಳಿಟ್ಟು ಹೇಳಿದರು. ಗಿಲ್ಬ್ರೆತ್ ದಂಪತಿಯೂ ವೇಗಕ್ಕಿಂತ ಆಯಾಸದ ಮೇಲೇ ಕಣ್ಣಿಟ್ಟವರು.

ದುಡ್ಡು ಹೋದದ್ದು ಟೇಬಲ್ಲಿಗೆ. ಸಲಹೆಗಾರರೊಬ್ಬರ ಮಾತಿನಂತೆ 36 ಇಂಚು ಎತ್ತರದ ಸ್ಟೀಲ್ ಟೇಬಲ್ ಮಾಡಿಸಿದ್ದೆವು, ಮೂವತ್ತೈದು ಸಾವಿರದ ಹತ್ತಿರ. ನಮ್ಮವರಲ್ಲಿ ಇಬ್ಬರು ಐದಡಿಯೂ ಇಲ್ಲ. ವಾರದಲ್ಲೇ ಭುಜ ಹಿಡಿದುಕೊಂಡಿತು. ಜನರಲ್ ಎಲೆಕ್ಟ್ರಿಕ್ ಕಂಪನಿಗಾಗಿ ಒಲೆ, ಸಿಂಕಿನ ಎತ್ತರ ನಿಗದಿ ಮಾಡುವಾಗ ಲಿಲಿಯನ್ 4,000ಕ್ಕೂ ಹೆಚ್ಚು ಹೆಂಗಸರನ್ನು ವಿಚಾರಿಸಿದ್ದರಂತೆ. ನಾನು ನಾಲ್ವರನ್ನು ವಿಚಾರಿಸಿ, ವೆಲ್ಡಿಂಗ್ ಅಂಗಡಿಯಲ್ಲಿ ಟೇಬಲ್ಲಿನ ಕಾಲು ಕತ್ತರಿಸಿದೆ. ಎಂಟುನೂರೋ ಒಂಬೈನೂರೋ ಆಯಿತು, ಅಷ್ಟೇ!

ಗಿಲ್ಬ್ರೆತ್ ದಂಪತಿ ಕೆಲಸದವರ ಬೆರಳಿಗೆ ಪುಟ್ಟ ಬಲ್ಬ್ ಕಟ್ಟಿ, ಕತ್ತಲಲ್ಲಿ ಕೈ ಓಡುವ ದಾರಿಯ ಫೋಟೊ ತೆಗೆಯುತ್ತಿದ್ದರು. ಅದನ್ನೂ ನೋಡಿಬಿಡೋಣ ಅಂತ ಸೀರಿಯಲ್ ಸೆಟ್ಟಿನ ಎಲ್‌ಇಡಿ ಬಿಚ್ಚಿ ಕಟ್ಟಿದೆ. ಎಣ್ಣೆಗೆ ಬಲ್ಬ್ ಜಾರಿ ಎರಡು ಸಲ ಕಣಕದೊಳಗೇ ಬಿತ್ತು. ಆ ಕಣಕ ಎಸೆಯಬೇಕಾಯಿತು. ಕೊನೆಗೆ ಸಿಕ್ಕ ಫೋಟೊ ನೋಡೋಕೆ ಥೇಟ್ ರಂಗೋಲಿ. ಬಲಗೈ ಪ್ರತಿ ಸಲವೂ ಎಣ್ಣೆ ಬಟ್ಟಲಿಗೆ ಮೈ ದಾಟಿ ಹೋಗುತ್ತಿದ್ದದ್ದು ಮಾತ್ರ ಗೆರೆ ಎಳೆದ ಹಾಗೆ ಕಂಡಿತು. ಬಟ್ಟಲನ್ನು ಬಲಕ್ಕೆ ಇಟ್ಟೆವು, ಕಾವಲಿಯನ್ನು ತಟ್ಟುವವರ ಪಕ್ಕಕ್ಕೇ ಎಳೆದೆವು. ಅರ್ಧ ಲಾಭ ಬಂದದ್ದು ಇಷ್ಟರಿಂದಲೇ.

ಉಳಿದರ್ಧ ಹೂರಣದ ಉಂಡೆ ಎಲ್ಲಿ, ಯಾವ ಹದದಲ್ಲಿ ಇಡುತ್ತೇನೆ ಅನ್ನುವುದರಲ್ಲಿದೆ. ಅದನ್ನು ಹೇಳಲ್ಲ, ನಮ್ಮ ಬೀದಿಯಲ್ಲೇ ಇನ್ನೆರಡು ಹೋಳಿಗೆ ಮನೆಗಳಿವೆ! ಕಾಯಿ ಹೋಳಿಗೆಗೆ ಈ ಲೆಕ್ಕ ಇನ್ನೂ ಕೂತಿಲ್ಲ. ಯುಗಾದಿ ಆರ್ಡರ್ ಮುಗಿದ ಮೇಲೆ ಮತ್ತೆ ಕ್ಯಾಮೆರಾ ಕಟ್ಟಬೇಕು.