ಜಗ್ಲಿಂಗ್ ಮನೆತನ ಪತ್ತೆ ಮಾಡಿದ್ದು ಹೆಂಗೆ – ನನ್ನ ಅನುಭವ

ಕಾಗದ ಪತ್ರ ಇಲ್ದೆ ಜಗ್ಲಿಂಗ್, ಅಂದ್ರೆ ಚೆಂಡು ಎಸೆದು ಹಿಡಿಯೋ ಆಟದವ್ರ ಪರಂಪರೆ ಹಿಡಿಯೋಕಾಗಲ್ಲ ಅಂತ ತುಮಕೂರಿನ ಗೆಳೆಯರು ಮುಖಕ್ಕೇ ಹೇಳಿದ್ರು. ಈಗ ಕೋಲಾರ ಕಡೆ ಎರಡು ಮನೆ ಒಂದೇ ಗುರುವಿಂದ ಕಲ್ತಿದ್ದು ಅಂತ ತೋರಿಸಿದ್ಮೇಲೆ ಅವ್ರೇ ವಿಡಿಯೋ ಕಳ್ಸು ಅಂತಾವ್ರೆ.

ಮೊದ್ಲು ದುಡ್ಡು ಹೋದ ಕಥೆ. ಹಳೆ ಫೋಟೋ ಸ್ಕ್ಯಾನ್‌ಗೆ ಏಳೆಂಟು ಸಾವಿರ ಸುರಿದೆ, ಆದ್ರೆ ಆಗಿನ ಕ್ಯಾಮೆರಾ ನಿಧಾನ, ಚೆಂಡು ಕೈಲಿ ಹಿಡ್ಕೊಂಡು ಪೋಸು ಕೊಟ್ಟಿರ್ತಾರೆ ಅಷ್ಟೆ, ಎಸೆತ ಎಲ್ಲಿಂದ ಸಿಗುತ್ತೆ. ವಂಶಾವಳಿ ಹೇಳೋ ಹೆಳವರು ಒಬ್ರನ್ನ ಕರ್ಸಿದೆ, ಬಸ್ಸು, ಊಟ, ಕಾಣಿಕೆ ಸೇರಿ ಮೂರು ಸಾವಿರದ ಹತ್ರ ಆಯ್ತು, ಒಕ್ಕಲು ಮನೆಗಳ ತಲೆಮಾರು ಸರಾಗವಾಗಿ ಹೇಳಿದ್ರು, ಆಟದವ್ರದ್ದು ಒಂದು ಹೆಸ್ರೂ ಬರ್ಲಿಲ್ಲ. ದಕ್ಷಿಣ ಭಾರತದ ಜಾತಿಗಳ ಬಗ್ಗೆ ಪುಸ್ತಕ ಮಾಡಿದ ಥರ್ಸ್ಟನ್ 1909ರಲ್ಲಿ ದೊಂಬರ ಬಗ್ಗೆ ಬರ್ದಿದ್ದಾರೆ, ನಮ್ ಕೆಲ್ಸಕ್ಕೆ ಅದು ಸಾಲಲ್ಲ.

ನನ್ ಲೆಕ್ಕ ಇಷ್ಟೆ, ಕೈಚಳಕ ಒಂದೇ ಥರ ಇದೆ ಅಂತ ನೆಂಟಸ್ತನ ಹೇಳ್ಬಾರ್ದು. ಮೂರು ಚೆಂಡು ಎಸೆಯೋದನ್ನ ಯಾರ್ ಬೇಕಾದ್ರೂ ತಾವೇ ಕಂಡ್ಕೋತಾರೆ. ಈಜಿಪ್ಟಿನ ಬೆನಿ ಹಸನ್ ಗೋರಿ ಗೋಡೇಲಿ ಸುಮಾರು 4000 ವರ್ಷದ ಹಿಂದಿನ ಹೆಂಗಸ್ರು ಮೂರು ಚೆಂಡು ಆಡ್ಸ್ತಾವ್ರೆ, ಅವ್ರೇನು ಮುಳಬಾಗಿಲವ್ರ ಬೀಗರಾ? ಪ್ರಯೋಜನಕ್ಕೆ ಬಾರದ ಚಾಳಿ ಹುಡುಕ್ಬೇಕು ಕಣ್ರಿ, ಅದನ್ನ ಯಾರೂ ತಾವಾಗೇ ಕಂಡ್ಕೊಳ್ಳಲ್ಲ, ಗುರುನ ನೋಡಿ ಬಂದಿರುತ್ತೆ.

ಕೆಜಿಎಫ್ ಹತ್ರ ಒಬ್ರು ತಾತ, ನಮ್ದು ಕೇರಳದ ತಲಶ್ಶೇರಿ ಸರ್ಕಸ್ ಕಲಿಕೆ ಅಂತಿದ್ರು. ಕೀಲೇರಿ ಕುಂಞಿಕಣ್ಣನ್ 1901ರಲ್ಲಿ ಅಲ್ಲಿ ಸರ್ಕಸ್ ಶಾಲೆ ತೆಗ್ದಿದ್ದು ನಿಜ, ನಂಬೋ ಮಾತೇ. ಆದ್ರೆ ನಾನೊಬ್ನೇ ಮುಂದೆ ಕೂತಿದ್ರೂ ತಾತ ಒಂದು ಚೆಂಡು ಎತ್ತರಕ್ಕೆ ಬಿಟ್ಟು, ಆ ಚೂರು ಟೈಮಲ್ಲಿ ಎಡ ಹೆಬ್ಬೆರಳು ಸೊಂಟಕ್ಕೆ ಒರೆಸಿ, ಕಾಲು ಸುತ್ತು ಬಲಕ್ಕೆ ತಿರುಗಿ ಆಮೇಲೆ ನಾಲ್ಕನೇ ಚೆಂಡು ತಗೋತಾರೆ. ತಿರುಗೋದು ಸುತ್ತ ಜನ ಇರೋ ಆಟದ ಗುರುತು, ಬೀದೀಲೂ ಸರ್ಕಸ್ಸಲ್ಲೂ ಹಂಗೇ, ಅದೊಂದ್ರಿಂದ ಏನೂ ಹೇಳೋಕಾಗಲ್ಲ, ಬೆರಳು ಒರೆಸೋದೇ ನಂಗೆ ಬೇಕಾಗಿದ್ದು. ಆವಣಿ ಜಾತ್ರೇಲಿ ಒಬ್ಬ ಹುಡುಗನೂ ಅದೇ ಜಾಗದಲ್ಲಿ ಅದೇ ಬೆರಳು ಒರೆಸ್ದ! ಯಾಕಪ್ಪಾ ಅಂದ್ರೆ "ನಮ್ ತಾತ ಹಂಗೇ ಮಾಡೋರು ಅಣ್ಣ" ಅಂದ. ಕಾರಣ ಕೆಜಿಎಫ್ ತಾತಂಗೆ ಗೊತ್ತಿತ್ತು, ಗುರು ಸೊಂಟದ ಚೀಲದಿಂದ ಬೂದಿ ಹಚ್ಕೊಳ್ಳೋರಂತೆ, ಬೆವರಿಗೆ ಚೆಂಡು ಜಾರ್ದಿರ್ಲಿ ಅಂತ. ಈಗ ಚೀಲ ಇಲ್ಲ, ಬೂದಿ ಇಲ್ಲ, ಬೆರಳು ಮಾತ್ರ ಹೋಗುತ್ತೆ. ಆಮೇಲೆ ಬೇರೆ ಬೇರೆ ಕೂರ್ಸಿ ಕೇಳಿದ್ರೆ ಎರಡೂ ಮನೆಯವ್ರು ಹೇಳಿದ್ದು ಒಂದೇ ಗುರು ಹೆಸ್ರು.

ವಯಸ್ಸಾದವ್ರಿಗೆ ಚೆಂಡು ಕೊಡ್ಬೇಡಿ, ಬರಿಗೈಲಿ ಮಾಡ್ಸಿ, ಫೋನಲ್ಲಿ ಸ್ಲೋಮೋಷನ್ ಹಾಕಿ. ಬೀಳುತ್ತೆ ಅನ್ನೋ ಭಯ ಇಲ್ಲದಿದ್ರೆ ಹಳೆ ಚಾಳಿ ತಾನಾಗೇ ಆಚೆ ಬರುತ್ತೆ. ಬರಿಗೈಗೆ ಮುಂಚೆ ಒಂದು ಪ್ರಶ್ನೆ ಕೇಳ್ತೀನಿ, ಅದನ್ನ ಇಲ್ಲಿ ಬರಿಯಲ್ಲ.

ಮಧ್ಯೆ ಚಿಕ್ಕಬಳ್ಳಾಪುರ ಕಡೆ ಹೆಣ್ಮಕ್ಕಳು ಕಲ್ಲು ಎಸೆದು ಹಿಡಿಯೋ ಅಚ್ಚನಗಂಡ್ಲೂ ಶೂಟ್ ಮಾಡ್ದೆ, ಆಟದವ್ರಿಗೂ ಅದಕ್ಕೂ ಸಂಬಂಧ ಸಿಗ್ಲಿಲ್ಲ, ಎಣಿಸೋ ಹಾಡು ಮಾತ್ರ ಚೆನ್ನಾಗಿದ್ವು. ಇನ್ನು ಲಂಡನ್ನಲ್ಲಿ ಜಗ್ಲಿಂಗ್ ಮಾಡಿ ಹೆಸ್ರು ಗಳ್ಸಿ 1850ರಲ್ಲಿ ತೀರ್ಕೊಂಡ ಭಾರತದ ರಾಮೋ ಸಾಮಿ ನಮ್ ಅಜ್ಜ ಅಂತ ಯಾರಾದ್ರೂ ಬಂದ್ರೆ ಹುಷಾರು. ಇಂಗ್ಲಿಷ್ ಲೇಖಕ ಹ್ಯಾಜ್ಲಿಟ್ 1821ರಲ್ಲಿ ಬರ್ದಿರೋ ಭಾರತದ ಆಟಗಾರ (ಈ ಸಾಮೀನೇ ಇರ್ಬೇಕು ಅಂತಾರೆ) ನೆಲದ ಮೇಲೆ ಕೂತು ಹಿತ್ತಾಳೆ ಚೆಂಡು ಆಡ್ಸಿದ್ದು, ನಮ್ಮೋರು ನಿಂತು ಆಡ್ಸೋರು.

ಒಬ್ಬೊಬ್ರಿಗೂ ದಿನದ ಕೂಲಿ ಲೆಕ್ಕದಲ್ಲಿ ಐನೂರು ಆರ್ನೂರು ಕೊಟ್ಟಿದ್ದೀನಿ. ಟೀ ಕುಡ್ಸಿ ವಿಡಿಯೋ ಎತ್ಕೊಂಡು ಹೋಗೋರು ನನ್ ಹತ್ರ ವಿಳಾಸ ಕೇಳ್ಬೇಡಿ.