ಬೇಡದ ಚಿಂತೆಗೆ ದಿನಕ್ಕೆ ಅರ್ಧ ಗಂಟೆ ಕೊಡಿ

ಮಗಳು ಏಳೂವರೆಗೆ ಮನೆಗೆ ಬರಬೇಕಿತ್ತು. ಎಂಟಾದರೂ ಫೋನ್ ಎತ್ತುತ್ತಿಲ್ಲ. ಬಸ್ಸು ಕೆಟ್ಟಿರಬಹುದು ಎಂದು ಶುರುವಾದ ಯೋಚನೆ ಐದೇ ನಿಮಿಷದಲ್ಲಿ ಅಪಘಾತ, ಆಸ್ಪತ್ರೆ ಎಂದು ಎಲ್ಲೆಲ್ಲಿಗೋ ಹೋಗಿಬಿಡುತ್ತದೆ. ಪಕ್ಕದಲ್ಲಿದ್ದವರು 'ಸುಮ್ಮನೆ ತಲೆಕೆಡಿಸಿಕೊಳ್ಳಬೇಡ' ಅನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ, ಆದರೆ ಆ ಸಲಹೆಯನ್ನು ಪಾಲಿಸಲು ಆಗುವುದಿಲ್ಲ. ಅಮೆರಿಕದ ಮನೋವಿಜ್ಞಾನಿ ಡೇನಿಯಲ್ ವೆಗ್ನರ್ 1987ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಬಿಳಿ ಕರಡಿಯ ಬಗ್ಗೆ ಐದು ನಿಮಿಷ ಯೋಚಿಸಲೇಬೇಡಿ ಎಂದು ಕೆಲವರಿಗೆ ಹೇಳಿದ್ದರು. ಅವರಿಗೆ ಕರಡಿ ಮತ್ತೆ ಮತ್ತೆ ನೆನಪಾಯಿತು. ಆಮೇಲೆ ಯೋಚಿಸಬಹುದು ಎಂದಾಗಲಂತೂ, ಮೊದಲಿನಿಂದಲೂ ಯೋಚಿಸಲು ಅನುಮತಿ ಇದ್ದವರಿಗಿಂತ ಹೆಚ್ಚಾಗಿ ನೆನಪಾಯಿತು. ಅದಕ್ಕೇ ಚಿಂತೆಯನ್ನು ಅದುಮಲು ಹೋಗಬಾರದು. ಅದಕ್ಕೊಂದು ಹೊತ್ತು, ಒಂದು ಜಾಗ ಗೊತ್ತು ಮಾಡಬೇಕು. 1980ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಥಾಮಸ್ ಬೋರ್ಕೊವೆಕ್ ಮತ್ತು ಸಂಗಡಿಗರು ರೂಪಿಸಿದ ಈ ವಿಧಾನ ಇಂದಿಗೂ ಆತಂಕದ ಚಿಕಿತ್ಸೆಯ ಭಾಗವಾಗಿದೆ.

ಬೇಕಾದದ್ದು ಜೇಬಿನಲ್ಲಿ ಹಿಡಿಯುವ ಒಂದು ಪುಸ್ತಕ, ಒಂದು ಪೆನ್ನು. ದಿನದಲ್ಲಿ ಯಾವಾಗ ಚಿಂತೆ ಬಂದರೂ ಒಂದೇ ಸಾಲಿನಲ್ಲಿ ಬರೆದಿಡಿ: 'ಅಪ್ಪನ ಸಕ್ಕರೆ 240 ಬಂದಿದೆ', 'ಮಗನಿಗೆ ಪಿಯುಸಿಯಲ್ಲಿ ಅಂಕ ಕಡಿಮೆಯಾದರೆ?' ವಿವರಿಸಲು ಹೋಗಬೇಡಿ. ಬರೆದು, 'ಇದನ್ನು ಐದೂವರೆಗೆ ನೋಡೋಣ' ಎಂದುಕೊಂಡು, ಕೈಯಲ್ಲಿದ್ದ ಕೆಲಸಕ್ಕೆ ಮರಳಿ. ಅವರೆಕಾಳು ಸುಲಿಯುವುದು, ಬಟ್ಟೆ ಮಡಚುವುದು, ಹೀಗೆ ಕೈಗಳಿಗೆ ಕೆಲಸವಿದ್ದರೆ ಮರಳುವುದು ಸುಲಭ. ಅದೇ ಚಿಂತೆ ಹತ್ತು ನಿಮಿಷಕ್ಕೆ ಮತ್ತೆ ಬಂದರೆ ಹೊಸದಾಗಿ ಬರೆಯಬೇಕಿಲ್ಲ, ಆ ಸಾಲಿನ ಮುಂದೆ ಒಂದು ಗೆರೆ ಎಳೆದರೆ ಸಾಕು. ಮೊದಲ ವಾರ ಗೆರೆಗಳು ಸಾಲುಗಟ್ಟುತ್ತವೆ. ಅದರಿಂದ ಎದೆಗುಂದಬೇಕಿಲ್ಲ.

ಇನ್ನು ಐದೂವರೆಯ ವಿಷಯ. ದಿನವೂ ಒಂದೇ ಹೊತ್ತು, ಒಂದೇ ಕುರ್ಚಿ, 20ರಿಂದ 30 ನಿಮಿಷ, ಮೊಬೈಲಿನಲ್ಲಿ ಟೈಮರ್. ಹಾಸಿಗೆಯ ಮೇಲೆ ಕೂರಬೇಡಿ, ದೇವರ ಕೋಣೆಯಲ್ಲೂ ಬೇಡ. ನೆಮ್ಮದಿಗೆಂದು ಇರುವ ಜಾಗಕ್ಕೆ ಚಿಂತೆಯ ನಂಟು ಬೆಳೆಯಬಾರದು. ಮಲಗುವುದಕ್ಕೆ ಎರಡು ಮೂರು ಗಂಟೆ ಮೊದಲೇ ಮುಗಿದಿರಬೇಕು. ಪುಸ್ತಕ ತೆರೆದು ಪ್ರತಿ ಸಾಲಿಗೂ ಒಂದೇ ಪ್ರಶ್ನೆ ಕೇಳಿ: ಇದಕ್ಕೆ ಈ ವಾರ ನಾನು ಮಾಡಬಹುದಾದ ಕೆಲಸ ಏನಾದರೂ ಇದೆಯೇ?

ಇದ್ದರೆ, ಮೊದಲ ಹೆಜ್ಜೆಯನ್ನು ದಿನ, ಗಂಟೆ ಸಮೇತ ಬರೆಯಿರಿ. 'ಅಪ್ಪನ ಆರೋಗ್ಯ ನೋಡಿಕೊಳ್ಳಬೇಕು' ಎಂಬುದು ಹೆಜ್ಜೆಯಲ್ಲ, ಅದು ಇನ್ನೊಂದು ಚಿಂತೆ. 'ನಾಳೆ ಬೆಳಗ್ಗೆ 10ಕ್ಕೆ ಕ್ಲಿನಿಕ್‌ಗೆ ಫೋನ್ ಮಾಡಿ ಸಮಯ ತೆಗೆದುಕೊಳ್ಳಬೇಕು' ಎಂಬುದು ಹೆಜ್ಜೆ.

ಮಾಡುವಂಥದ್ದು ಏನೂ ಇಲ್ಲದಿದ್ದರೆ, 'ಹಾಗಾದರೆ ಏನು ಗತಿ' ಎಂಬ ಜಾತಿಯ ಚಿಂತೆಯಾಗಿದ್ದರೆ, ಎದುರಿಗೆ ನಿಮ್ಮ ಊಹೆಯನ್ನು ಸ್ಪಷ್ಟವಾಗಿ ಬರೆಯಿರಿ. ಏನಾಗುತ್ತದೆ, ಯಾವ ದಿನಾಂಕದೊಳಗೆ, ಆಗಿಯೇ ಆಗುತ್ತದೆಂದು ನೂರಕ್ಕೆ ಎಷ್ಟು ನಂಬಿಕೆ. ಆ ದಿನಾಂಕ ಬಂದಾಗ ನಿಜವಾಗಿ ಏನಾಯಿತೆಂದು ಪಕ್ಕದಲ್ಲೇ ಬರೆಯಿರಿ. ಈ ಭಾಗವನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಆದರೆ ಹೆಚ್ಚು ಬೆಲೆಯುಳ್ಳದ್ದು ಇದೇ. ಸುಳ್ಳಾದ ಚಿಂತೆಯನ್ನು ಮನಸ್ಸು ಲೆಕ್ಕ ಇಡುವುದಿಲ್ಲ, ನಿಜವಾದ ಒಂದನ್ನು ಮಾತ್ರ ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತದೆ. ಆತಂಕದ ತೊಂದರೆಯಿದ್ದ 29 ಮಂದಿ ಹೀಗೆ ಬರೆದು ನೋಡಿದ ಅಮೆರಿಕದ ಅಧ್ಯಯನವೊಂದರಲ್ಲಿ ಶೇಕಡ 91ರಷ್ಟು ಚಿಂತೆಗಳು ನಿಜವಾಗಲಿಲ್ಲ. ಚಿಕ್ಕ ಅಧ್ಯಯನ, ನಿಜ. ನಿಮ್ಮ ಲೆಕ್ಕ ನಿಮ್ಮ ಪುಸ್ತಕದಲ್ಲೇ ಸಿಗುತ್ತದೆ.

ಟೈಮರ್ ಹೊಡೆದಾಗ ವಾಕ್ಯ ಅರ್ಧಕ್ಕಿದ್ದರೂ ಎದ್ದುಬಿಡಿ. ಉಳಿದದ್ದು ನಾಳೆಗೆ.

ಈ ವಿಧಾನ ಕೈಕೊಡುವುದು ಸಾಮಾನ್ಯವಾಗಿ ಎರಡು ಕಡೆ. ಬರೆಯದೆ ಸುಮ್ಮನೆ ಕೂತು ಯೋಚಿಸಿದರೆ ಅರ್ಧ ಗಂಟೆಯೂ ಒಂದೇ ಯೋಚನೆಯ ಸುತ್ತಲೇ ಕಳೆದುಹೋಗುತ್ತದೆ. ಪೆನ್ನು ಓಡುತ್ತಲೇ ಇರಬೇಕು. ಇನ್ನೊಂದು, 'ಇವತ್ತು ಚೆನ್ನಾಗಿದ್ದೇನೆ, ಬೇಡ' ಎಂದು ಬಿಡುವುದು. ಒಳ್ಳೆಯ ದಿನವೂ ಐದು ನಿಮಿಷವಾದರೂ ಕೂರಿ. ಸಂಜೆ ನಿಜಕ್ಕೂ ಸಮಯ ಸಿಗುತ್ತದೆಂಬ ಭರವಸೆ ಇದ್ದರೆ ಮಾತ್ರ ಬೆಳಗಿನ ಚಿಂತೆ ಕಾಯಲು ಒಪ್ಪುತ್ತದೆ. ಎರಡು ವಾರವಾದರೂ ಮಾಡದೆ ಇದರ ಬಗ್ಗೆ ತೀರ್ಮಾನಕ್ಕೆ ಬರಬೇಡಿ.

ಪುಸ್ತಕದಷ್ಟೇ ಮುಖ್ಯ, ಚಿಂತೆಗೆ ಮೇವು ಹಾಕುವ ಅಭ್ಯಾಸಗಳನ್ನು ಬಿಡುವುದು. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಗೇಟಿನಿಂದ ವಾಪಸು ಬಂದು ನೋಡುವವರು ಎಷ್ಟೋ ಜನ. 2003ರಲ್ಲಿ ನೆದರ್‌ಲ್ಯಾಂಡ್ಸ್‌ನ ಸಂಶೋಧಕರು ಕಂಪ್ಯೂಟರ್ ಪರದೆಯ ಮೇಲಿನ ಗ್ಯಾಸ್ ಒಲೆಯನ್ನು ಜನರಿಂದ ಮತ್ತೆ ಮತ್ತೆ ಪರೀಕ್ಷೆ ಮಾಡಿಸಿದರು. ನೆನಪು ತಪ್ಪಲಿಲ್ಲ, ಆದರೆ ಆ ನೆನಪಿನ ಮೇಲಿನ ನಂಬಿಕೆ ಕುಸಿಯಿತು. ಅಂದರೆ ನೋಡಿದಷ್ಟೂ ಅನುಮಾನ ಹೆಚ್ಚುತ್ತದೆ. ಆದ್ದರಿಂದ ಒಂದೇ ಸಲ, ಗಮನವಿಟ್ಟು ನೋಡಿ. ರೆಗ್ಯುಲೇಟರ್ ತಿರುಗಿಸುವಾಗ 'ಆಫ್ ಮಾಡಿದೆ' ಎಂದು ಬಾಯಿಬಿಟ್ಟು ಹೇಳಿ, ಹೊರಡಿ. ದಾರಿಯಲ್ಲಿ ಅನುಮಾನ ಕಾಡಿದರೂ ತಿರುಗಿ ಹೋಗಬೇಡಿ. ಮೊದಮೊದಲು ಆ ಕಸಿವಿಸಿ ಜೋರಾಗಿಯೇ ಇರುತ್ತದೆ, ಆಮೇಲೆ ತಾನಾಗಿಯೇ ಇಳಿಯುತ್ತದೆ. ಮೊಬೈಲಿನಲ್ಲಿ ಒಲೆಯ ಫೋಟೊ ತೆಗೆದುಕೊಂಡು ಹೋಗುವುದು ಕೂಡ ಅದೇ ಪರೀಕ್ಷೆಯ ಇನ್ನೊಂದು ರೂಪ.

'ಏನೂ ಆಗಲ್ಲ ಅಲ್ವಾ ರೀ?' ಎಂದು ಮನೆಯವರನ್ನು ಮೂರು ಮೂರು ಸಲ ಕೇಳುವುದೂ ಹೀಗೆಯೇ. ಸಮಾಧಾನ ಸಿಗುತ್ತದೆ, ಆದರೆ ಹತ್ತು ನಿಮಿಷ ನಿಲ್ಲುವುದಿಲ್ಲ. ಮನೆಯವರ ಜೊತೆ ಮೊದಲೇ ಮಾತಾಡಿಕೊಳ್ಳಿ: ಒಂದು ಸಲ ಉತ್ತರ, ಎರಡನೆಯ ಸಲಕ್ಕೆ ಮೃದುವಾಗಿ 'ಆಗಲೇ ಹೇಳಿದೆನಲ್ಲ, ಬರೆದಿಡು, ಸಂಜೆ ನೋಡೋಣ'. ಗದರುವಂತಿಲ್ಲ. ರೋಗಲಕ್ಷಣಗಳನ್ನು ಇಂಟರ್‌ನೆಟ್ಟಿನಲ್ಲಿ ಹುಡುಕುವುದಂತೂ ಪೂರ್ತಿ ನಿಲ್ಲಲಿ. ಆ ಪ್ರಶ್ನೆಗಳನ್ನು ವೈದ್ಯರಿಗೆಂದು ಪುಸ್ತಕದ ಕೊನೆಯ ಪುಟದಲ್ಲಿ ಬರೆದುಕೊಳ್ಳಿ.

ರಾತ್ರಿ ಮೂರಕ್ಕೆ ಎಚ್ಚರವಾಗಿ ಚಿಂತೆ ಹತ್ತಿದರೆ ಗಡಿಯಾರ ನೋಡಬೇಡಿ. ಸುಮಾರು 20 ನಿಮಿಷ ನಿದ್ದೆ ಬರಲಿಲ್ಲ ಅನ್ನಿಸಿದರೆ ಎದ್ದು, ಮಂದ ಬೆಳಕಿನಲ್ಲಿ ಕೂತು, ಕುತೂಹಲ ಕೆರಳಿಸದ ಏನನ್ನಾದರೂ ಓದಿ. ಕಣ್ಣು ಎಳೆದಾಗಲೇ ಹಾಸಿಗೆಗೆ. ಸಂಜೆಯ ಫಿಲ್ಟರ್ ಕಾಫಿಯನ್ನು ಮೊದಲು ಬಿಡಿ: ಕುಡಿದ ಕೆಫೀನಿನ ಅರ್ಧದಷ್ಟು ಸುಮಾರು ಐದು ಗಂಟೆಯ ನಂತರವೂ ಮೈಯಲ್ಲಿರುತ್ತದೆ, ಎದೆ ಬಡಿತ ಹೆಚ್ಚಿಸಿ ಚಿಂತೆಯಂತೆಯೇ ಕಾಣುತ್ತದೆ. ಮಧ್ಯಾಹ್ನ ಎರಡರ ನಂತರ ಬೇಡ. ದಿನಕ್ಕೆ ಮೂರು ನಾಲ್ಕು ಲೋಟ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ತಲೆನೋವು ಬರುತ್ತದೆ. ಎರಡು ಮೂರು ದಿನಕ್ಕೊಮ್ಮೆ ಒಂದೊಂದು ಲೋಟ ಕಡಿಮೆ ಮಾಡುತ್ತ ಬನ್ನಿ.

ಎದೆ ಹೊಡೆದುಕೊಳ್ಳುವಾಗ ಮೂಗಿನಿಂದ ನಾಲ್ಕು ಎಣಿಸುತ್ತ ಉಸಿರೆಳೆದು, ಆರು ಎಣಿಸುತ್ತ ಬಿಡಿ, ಐದು ನಿಮಿಷ. ಇದು ಮೈಯನ್ನು ಶಾಂತಗೊಳಿಸುತ್ತದೆ, ಚಿಂತೆಯ ಕಾರಣವನ್ನು ಬಗೆಹರಿಸುವುದಿಲ್ಲ.

ಹೆಚ್ಚಿನ ದಿನಗಳಲ್ಲಿ ಚಿಂತೆ ಕಾಡುತ್ತಾ ಆರು ತಿಂಗಳಾಗಿದ್ದರೆ, ನಿದ್ದೆ, ಕೆಲಸ, ಊಟ ಕೆಟ್ಟಿದ್ದರೆ ವೈದ್ಯರನ್ನು ಕಾಣಲೇಬೇಕು. ಅಷ್ಟು ದಿನ ಕಾಯಲೇಬೇಕೆಂದೂ ಇಲ್ಲ. ತೂಕ ಇಳಿಯುತ್ತಿದ್ದು, ಕೈ ನಡುಗಿ, ಮೈ ಬೆವರುತ್ತಿದ್ದರೆ ಥೈರಾಯ್ಡ್ ಹೆಚ್ಚಾಗಿರಬಹುದು. ಟಿಎಸ್‌ಎಚ್ ರಕ್ತಪರೀಕ್ಷೆಯಿಂದ ಅದು ಗೊತ್ತಾಗುತ್ತದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಎಂಬ ಯೋಚನೆ ಬಂದರೆ ಸಂಜೆಯ ತನಕ ಕಾಯಿಸುವ ಮಾತೇ ಇಲ್ಲ, ತಕ್ಷಣ ಆ ಸಂಖ್ಯೆಗೆ ಕರೆ ಮಾಡಿ, ಹತ್ತಿರದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಮೆಡಿಕಲ್ ಶಾಪಿನಿಂದ ಆತಂಕ ತಗ್ಗಿಸುವ ಆಲ್‌ಪ್ರಜೋಲಾಮ್ ಮಾತ್ರೆಯನ್ನು ನೀವೇ ತಂದು ನುಂಗಬೇಡಿ. ಆ ಗುಂಪಿನ ಮಾತ್ರೆಗಳು ಕೆಲವೇ ವಾರಗಳಲ್ಲಿ ಅಭ್ಯಾಸವಾಗಿಬಿಡಬಹುದು. ಈಗಾಗಲೇ ದಿನವೂ ತೆಗೆದುಕೊಳ್ಳುತ್ತಿದ್ದರೆ ಇದನ್ನು ಓದಿ ಒಮ್ಮೆಲೇ ಬಿಡುವುದೂ ಅಪಾಯ, ಫಿಟ್ಸ್ ಬರುವ ಸಾಧ್ಯತೆಯಿದೆ. ಪ್ರಮಾಣವನ್ನು ವೈದ್ಯರೇ ಹಂತಹಂತವಾಗಿ ಇಳಿಸಬೇಕು.