ರೀಸೆಟ್ ಆಗುವ ಮುಂಚೆಯೇ ಗೊತ್ತಾಗಬೇಕು

ನಾನು ಕಾರ್ಖಾನೆಗಳ ಪಂಪ್ ಕಂಟ್ರೋಲರ್‌ಗಳಿಗೆ ಫರ್ಮ್‌ವೇರ್, ಅಂದರೆ ಚಿಪ್ ಒಳಗೆ ಓಡುವ ಸಾಫ್ಟ್‌ವೇರ್, ಬರೆಯುತ್ತೇನೆ. ಎಸ್‌ಟಿಎಂ32 ಎಫ್407 ಚಿಪ್, ಅದರ ಮೇಲೆ ಫ್ರೀಆರ್‌ಟಿಒಎಸ್ ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಂ. ಅದು ಕೆಲಸಗಳನ್ನು ಟಾಸ್ಕ್‌ಗಳಾಗಿ ಹಂಚಿಕೊಂಡು, ಯಾವುದರ ಪ್ರಯಾರಿಟಿ (ಆದ್ಯತೆ) ಹೆಚ್ಚೋ ಅದನ್ನು ಮೊದಲು ಓಡಿಸುತ್ತದೆ. 20 ಮಿಲಿಸೆಕೆಂಡಿಗೊಮ್ಮೆ ಒತ್ತಡದ ಸೆನ್ಸರ್ ಓದಬೇಕು, ಲೆಕ್ಕ ಹಾಕಬೇಕು, ಮೋಟಾರಿನ ವೇಗ ಬದಲಿಸಬೇಕು. ಮುಂದಿನ ಸುತ್ತು ಶುರುವಾಗುವಷ್ಟರಲ್ಲಿ ಇದೆಲ್ಲ ಮುಗಿದಿರಬೇಕು. ಉತ್ತರ ಸರಿಯಿದ್ದರೂ ತಡವಾಗಿ ಬಂದರೆ ಅದೂ ತಪ್ಪೇ.

ಇಂಥ ಸಾಧನಗಳಲ್ಲಿ ವಾಚ್‌ಡಾಗ್ ಎಂಬ ಕಾವಲು ಟೈಮರ್ ಇದ್ದೇ ಇರುತ್ತದೆ. ಸಾಫ್ಟ್‌ವೇರ್ ಅದನ್ನು ಆಗಾಗ ಕಿಕ್ ಮಾಡುತ್ತಿರಬೇಕು (ಬದುಕಿದ್ದೇನೆ ಎಂದು ತಿಳಿಸುತ್ತಿರಬೇಕು), ಇಲ್ಲದಿದ್ದರೆ ಚಿಪ್ ರೀಸೆಟ್ ಆಗುತ್ತದೆ. ಕೆಲವರು ಈ ಕಿಕ್ ಅನ್ನು ಟೈಮರ್ ಇಂಟರಪ್ಟ್ ಒಳಗೆ, ಅಂದರೆ ಟೈಮರ್ ಹೊಡೆದಾಗಲೆಲ್ಲ ತಾನಾಗಿ ಓಡುವ ಕೋಡ್‌ನಲ್ಲಿ, ಇಡುತ್ತಾರೆ. ಟಾಸ್ಕ್‌ಗಳೆಲ್ಲ ನಿಂತುಹೋದರೂ ಇಂಟರಪ್ಟ್ ಓಡುತ್ತಲೇ ಇರುತ್ತದೆ, ಅಲ್ವಾ? ಆಮೇಲೆ ವಾಚ್‌ಡಾಗ್ ಇದ್ದೂ ಇಲ್ಲದ ಹಾಗೆ. ನಾನು ಪ್ರತಿ ಟಾಸ್ಕಿಗೂ ‘ಓಡುತ್ತಿದ್ದೇನೆ’ ಎಂದು ತಿಳಿಸಲು ಒಂದು ಬಿಟ್ ಕೊಟ್ಟಿದ್ದೇನೆ. ಎಲ್ಲ ಬಿಟ್‌ಗಳೂ ಬಂದಿದ್ದರೆ ಮಾತ್ರ ಕಿಕ್.

ಆದರೂ ವಾಚ್‌ಡಾಗ್ ಬಾಯಿ ಬಿಡುವುದು ಎಲ್ಲ ಕೆಟ್ಟ ಮೇಲೆ. ನನಗೆ ಬೇಕಾಗಿದ್ದದ್ದು ಕೆಡುವುದಕ್ಕೆ ಇನ್ನೆಷ್ಟು ಬಾಕಿ ಇದೆ ಎನ್ನುವ ಲೆಕ್ಕ. ಅದಕ್ಕೆ ಪ್ರತಿ ಸುತ್ತಿನಲ್ಲೂ ಸಮಯ ಅಳೆಯಲು ಶುರು ಮಾಡಿದೆ. ಕೋಡ್ ಓಡಿದ ಹೊತ್ತನ್ನಷ್ಟೇ ಅಳೆದರೆ ಸಾಲದು. ಸುತ್ತು ಶುರುವಾಗಬೇಕಿದ್ದ ಕ್ಷಣದಿಂದ ಮುಗಿದ ಕ್ಷಣದ ತನಕ ಅಳೆಯಬೇಕು. ಬೇರೆ ಟಾಸ್ಕ್‌ಗಳಿಗಾಗಿ ಕಾದ ಹೊತ್ತೂ ಅದರಲ್ಲೇ ಸೇರುತ್ತದೆ, ತೊಂದರೆ ಅಡಗಿರುವುದೂ ಅಲ್ಲೇ. ಬಹಳ ಜನ ಇದಕ್ಕೆ ಕೋರ್‌ನ, ಅಂದರೆ ಚಿಪ್‌ನಲ್ಲಿ ಕೋಡ್ ಓಡಿಸುವ ಭಾಗದ, ಸೈಕಲ್ ಕೌಂಟರ್ ಬಳಸುತ್ತಾರೆ. ನಮ್ಮಲ್ಲಿ ಕೆಲಸವಿಲ್ಲದಾಗ ಕೋರ್ ನಿದ್ದೆಗೆ ಹೋಗುತ್ತದೆ, ಆಗ ಆ ಕೌಂಟರ್ ಕೂಡ ನಿಲ್ಲುತ್ತದೆ. ಹಾಗಾಗಿ 32 ಬಿಟ್‌ನ ಟೈಮರ್ 2 ಅನ್ನು ಮೈಕ್ರೊಸೆಕೆಂಡ್ ಲೆಕ್ಕಕ್ಕೆ ಇಟ್ಟುಕೊಂಡೆ.

ಬರೆದಿಡುವುದು ಹೇಗೆ? ಸಾಲುಗಳನ್ನು ಅಕ್ಷರ ಅಕ್ಷರವಾಗಿ ಹೊರಗೆ ಕಳಿಸುವ ಪ್ರಿಂಟ್‌ಎಫ್ ಬೇಡವೇ ಬೇಡ. ಸೀರಿಯಲ್ ತಂತಿಯಲ್ಲಿ 115200 ಬಾಡ್ ವೇಗದಲ್ಲಿ ಒಂದು ಅಕ್ಷರಕ್ಕೆ ಸುಮಾರು 87 ಮೈಕ್ರೊಸೆಕೆಂಡ್. ನಲವತ್ತು ಅಕ್ಷರದ ಸಾಲಿಗೆ ಮೂರೂವರೆ ಮಿಲಿಸೆಕೆಂಡ್ ಹೋಯಿತು. ನಿಗಾ ಇಡಲು ಹೋಗಿ ಸಮಯವನ್ನೇ ಕೆಡಿಸಿದ ಹಾಗಾಗುತ್ತದೆ. ಸಮಯ, ಟಾಸ್ಕ್ ನಂಬರ್, ಘಟನೆಯ ಕೋಡ್, ಒಂದು ಮೌಲ್ಯ: ಒಟ್ಟು 8 ಬೈಟ್. ಅದನ್ನು ರ‍್ಯಾಮ್‌ನಲ್ಲಿರುವ ರಿಂಗ್ ಬಫರಿಗೆ (ತುಂಬಿದ ಮೇಲೆ ಹಳೆಯದರ ಜಾಗದಲ್ಲಿ ಹೊಸದು ಬರೆಯುವ ಪಟ್ಟಿ) ಹಾಕಿದರೆ ಮುಗಿಯಿತು. ಹೊರಗೆ ಕಳಿಸುವ ಕೆಲಸ ಕೊನೆಯ ಪ್ರಯಾರಿಟಿಯ ಟಾಸ್ಕಿನದು.

ಒತ್ತಡದ ಟಾಸ್ಕ್ ಸಾಮಾನ್ಯವಾಗಿ 3 ಮಿಲಿಸೆಕೆಂಡಿನಲ್ಲಿ ಮುಗಿಯುತ್ತಿತ್ತು. 12 ದಾಟಿದರೆ ಎಚ್ಚರಿಕೆ ಅಂತ ಇಟ್ಟಿದ್ದೆ. ಟೆಸ್ಟ್ ಬೆಂಚಿನಲ್ಲಿ ಒಮ್ಮೆ 17 ಕಂಡಿತು. ಪಂಪ್ ಸುಮ್ನೆ ಓಡುತ್ತಲೇ ಇತ್ತು, ಹೊರಗಿನಿಂದ ನೋಡಿದವರಿಗೆ ಏನೂ ಆಗಿರಲಿಲ್ಲ. ರಿಂಗ್ ಬಫರ್ ತೆರೆದು ನೋಡಿದೆ. ಸೆಟ್ಟಿಂಗ್ ಉಳಿಸುವ ಕಡಿಮೆ ಪ್ರಯಾರಿಟಿಯ ಟಾಸ್ಕ್ ಐ2ಸಿ ಬಸ್‌ನ (ಹಲವು ಚಿಪ್‌ಗಳು ಹಂಚಿಕೊಳ್ಳುವ ತಂತಿಗಳು) ಲಾಕ್ ಹಿಡಿದು, ಅಂದರೆ ಬೇರೆ ಟಾಸ್ಕ್ ಅದನ್ನು ಬಳಸದಂತೆ ತಡೆದು, ಈಪ್ರಾಮ್‌ಗೆ (ಕರೆಂಟ್ ಹೋದರೂ ಡೇಟಾ ಉಳಿಸುವ ಚಿಪ್) ಬರೆಯುತ್ತಿತ್ತು. ಒಂದು ಪೇಜ್ ಬರೆಯಲು ಆ ಚಿಪ್‌ಗೆ 5 ಮಿಲಿಸೆಕೆಂಡ್ ತನಕ ಬೇಕು. ಅಷ್ಟರಲ್ಲಿ ಹೊರಗಿನ ಸಾಧನಗಳೊಡನೆ ಮಾತಾಡುವ, ಅದಕ್ಕಿಂತ ಮೇಲಿನ ಪ್ರಯಾರಿಟಿಯ ಮಾಡ್‌ಬಸ್ ಟಾಸ್ಕ್ ಎದ್ದು ಅದನ್ನು ಪಕ್ಕಕ್ಕೆ ತಳ್ಳಿತು. ಒತ್ತಡದ ಟಾಸ್ಕ್ ಎಲ್ಲರಿಗಿಂತ ಮೇಲಿನದು, ಆದರೂ ಸೆನ್ಸರ್ ಅದೇ ಬಸ್‌ನಲ್ಲಿದ್ದದ್ದರಿಂದ ಲಾಕ್‌ಗಾಗಿ ಕಾಯುತ್ತ ಕೂತಿತ್ತು.

ಹೀಗೆ ಮೇಲಿನ ಟಾಸ್ಕ್ ಕೆಳಗಿನವುಗಳಿಗಾಗಿ ಕಾಯಬೇಕಾಗುವುದೇ ಪ್ರಯಾರಿಟಿ ಇನ್ವರ್ಷನ್. 1997ರಲ್ಲಿ ಮಂಗಳನ ಮೇಲಿಳಿದ ನಾಸಾದ ಪಾತ್‌ಫೈಂಡರ್ ಮತ್ತೆ ಮತ್ತೆ ರೀಸೆಟ್ ಆದದ್ದೂ ಇದರಿಂದಲೇ. ಅಲ್ಲಿ ಹವಾಮಾನದ ಟಾಸ್ಕ್ ಹಿಡಿದ ಲಾಕ್‌ಗಾಗಿ ಬಸ್ ನೋಡಿಕೊಳ್ಳುವ ಟಾಸ್ಕ್ ಕಾಯುತ್ತಿತ್ತು. ಹಿಂದಿನ ಸುತ್ತು ಮುಗಿದಿಲ್ಲ ಎಂದು ಸಾಫ್ಟ್‌ವೇರೇ ಪತ್ತೆ ಹಚ್ಚಿ ರೀಸೆಟ್ ಮಾಡುತ್ತಿತ್ತು. ಎಂಜಿನಿಯರುಗಳು ಭೂಮಿಯ ಮೇಲಿನ ಪ್ರತಿರೂಪದಲ್ಲಿ ಟ್ರೇಸ್ (ಘಟನೆಗಳ ದಾಖಲೆ) ಹಾಕಿ ಕಾರಣ ಹಿಡಿದರು. ಆಮೇಲೆ ಇಲ್ಲಿಂದಲೇ ಬದಲಾವಣೆ ಕಳಿಸಿ ಪ್ರಯಾರಿಟಿ ಇನ್ಹೆರಿಟೆನ್ಸ್ ಆನ್ ಮಾಡಿದರು. ಅದಿದ್ದರೆ ಲಾಕ್ ಹಿಡಿದ ಟಾಸ್ಕಿಗೆ, ಅದಕ್ಕಾಗಿ ಕಾಯುತ್ತಿರುವ ಟಾಸ್ಕಿನ ಪ್ರಯಾರಿಟಿ ಅಷ್ಟು ಹೊತ್ತು ಸಿಗುತ್ತದೆ. ಈ ಕಥೆ ಓದಿದಾಗಲೆಲ್ಲ ನನಗೆ ಆ ಟ್ರೇಸ್ ಬರೆದವರ ಮೇಲೆ ಗೌರವ ಹೆಚ್ಚುತ್ತದೆ.

ನಮ್ಮ ಲಾಕ್ ಬೈನರಿ ಸೆಮಾಫೋರ್ ಆಗಿತ್ತು. ಫ್ರೀಆರ್‌ಟಿಒಎಸ್‌ನಲ್ಲಿ ಮ್ಯೂಟೆಕ್ಸ್ ಎಂಬ ಇನ್ನೊಂದು ಬಗೆಯ ಲಾಕ್‌ಗೆ ಇನ್ಹೆರಿಟೆನ್ಸ್ ಇದೆ, ಬೈನರಿ ಸೆಮಾಫೋರ್‌ಗೆ ಇಲ್ಲ. ಮ್ಯೂಟೆಕ್ಸ್ ಹಾಕಿದೆ. ಜೊತೆಗೆ ಈಪ್ರಾಮ್‌ಗೆ ಡೇಟಾ ಕಳಿಸಿದ ಕೂಡಲೇ ಲಾಕ್ ಬಿಡುವ ಹಾಗೆ ಮಾಡಿದೆ. ಚಿಪ್ ಒಳಗೊಳಗೇ ಬರೆದುಕೊಳ್ಳುವಾಗ ಬಸ್ ಖಾಲಿಯೇ ಇರುತ್ತದೆ, ಸುಮ್ನೆ ಹಿಡಿದಿಡುವುದೇಕೆ? ಆಮೇಲೆ ಅದೇ ಟೆಸ್ಟಿನಲ್ಲಿ 5 ದಾಟಲಿಲ್ಲ.

ಸ್ಟ್ಯಾಕ್ (ಪ್ರತಿ ಟಾಸ್ಕಿಗೂ ಮೀಸಲಾದ ತಾತ್ಕಾಲಿಕ ರ‍್ಯಾಮ್ ಜಾಗ) ಮೇಲೂ ಇದೇ ಥರ ಕಣ್ಣಿಟ್ಟಿದ್ದೇನೆ. ಟಾಸ್ಕ್ ಹುಟ್ಟುವಾಗ ಫ್ರೀಆರ್‌ಟಿಒಎಸ್ ಸ್ಟ್ಯಾಕ್ ತುಂಬ 0xಎ5 ಎಂಬ ಗುರುತಿನ ಬೈಟ್ ತುಂಬಿಸಿರುತ್ತದೆ. ಅದರಲ್ಲಿ ಅಳಿಯದೆ ಉಳಿದದ್ದು ಎಷ್ಟು ಎಂದು ಹೈ ವಾಟರ್ ಮಾರ್ಕ್ ಫಂಕ್ಷನ್ ಹೇಳುತ್ತದೆ. ಅದು ಕೊಡುವುದು ಬೈಟ್ ಲೆಕ್ಕವಲ್ಲ, ವರ್ಡ್ ಲೆಕ್ಕ. ಇಲ್ಲಿ ಒಂದು ವರ್ಡ್‌ಗೆ 4 ಬೈಟ್.

ತಪ್ಪು ಕಂಡಾಗ ಏನು ಮಾಡಬೇಕು ಎನ್ನುವುದನ್ನು ಮೊದಲೇ ತೀರ್ಮಾನಿಸಿಕೊಳ್ಳಿ. ನಮ್ಮಲ್ಲಿ 12 ದಾಟಿದರೆ ಬರೆದಿಡುವುದಷ್ಟೇ. 20 ದಾಟಿದರೆ ಮೋಟಾರ್ ನಿಧಾನಕ್ಕೆ ಇಳಿಸಿ ನಿಲ್ಲಿಸುತ್ತೇವೆ. ರಿಂಗ್ ಬಫರನ್ನು ಸ್ಟಾರ್ಟಪ್ ಕೋಡ್ ಅಳಿಸದ ರ‍್ಯಾಮ್ ಭಾಗದಲ್ಲಿ ಇಟ್ಟಿದ್ದೇವೆ. ಕರೆಂಟ್ ಹೋಗದಿದ್ದರೆ ರೀಸೆಟ್ ಆದರೂ ಅದು ಉಳಿಯುತ್ತದೆ. ಈ ನಿಗಾ ಕೋಡನ್ನು ಗ್ರಾಹಕರಿಗೆ ಕಳಿಸುವ ಬಿಲ್ಡ್‌ನಲ್ಲೂ ತೆಗೆಯುವುದಿಲ್ಲ. ಸರ್ವಿಸ್‌ಗೆ ಹೋದವರು ಮಾಡ್‌ಬಸ್‌ನಲ್ಲೇ ಪ್ರತಿ ಟಾಸ್ಕ್‌ನ ಅತಿ ಹೆಚ್ಚಿನ ಸಮಯ ಓದಿಕೊಂಡು ಬರುತ್ತಾರೆ.